ಕೂಗದ ಕಾಡಿನಲ್ಲಿ ಎಲ್ಕ್ ಬೇಟೆ: ಸೆಪ್ಟೆಂಬರ್ ಮೊದಲ ಎರಡು ವಾರಕ್ಕೊಂದು ಕೈಪಿಡಿ

ಎಲ್ಕ್ ಬೇಟೆಯ ವಿಡಿಯೋಗಳಲ್ಲಿ ಗಂಡು ಎಲ್ಕ್ ಕಣಿವೆ ನಡುಗುವ ಹಾಗೆ ಕೂಗುತ್ತ, ಕೊಂಬು ಬೀಸುತ್ತ ಬಿಲ್ಲಿನ ಮುಂದೆಯೇ ಬಂದು ನಿಲ್ಲುತ್ತದೆ. ಸೆಪ್ಟೆಂಬರ್ ಮೊದಲ ವಾರ ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟಕ್ಕೆ ಬಿಲ್ಲು ಹೊತ್ತು ಹೋದವರಿಗೆ ಹೆಚ್ಚಾಗಿ ಕೇಳಿಸುವುದು ಅಳಿಲಿನ ಚಿಟಗುಟ್ಟುವಿಕೆ ಮಾತ್ರ. ಎರಡು ದಿನ ಹೀಗೆ ಕಳೆದರೆ ‘ಇಲ್ಲಿ ಪ್ರಾಣಿಯೇ ಇಲ್ಲ’ ಅಂತ ಜಾಗ ಬದಲಿಸುವವರೇ ಜಾಸ್ತಿ. ಎಷ್ಟೋ ಸಲ ಅವರು ಬಿಟ್ಟುಹೋದ ಜಾಗದಿಂದ ಮುನ್ನೂರು ಗಜದಲ್ಲೇ ಎಲ್ಕ್ ನೆರಳಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತದೆ. ಈ ಹೊತ್ತಿನ ಬೇಟೆಯಲ್ಲಿ ಕಿವಿಗಿಂತ ಹೆಚ್ಚು ದುಡಿಯಬೇಕಾದ್ದು ಕಣ್ಣು ಮತ್ತು ಮೂಗು. ಮೂಗು ಅಂದರೆ ನಿಮ್ಮದಲ್ಲ, ಅದರದು.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ. ಯುರೋಪಿನಲ್ಲಿ ‘ಎಲ್ಕ್’ ಅಂದರೆ ಅಮೆರಿಕದವರು ಮೂಸ್ ಅನ್ನುವ ಪ್ರಾಣಿ. ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಎಲ್ಕ್. ಶಾನೀ ಬುಡಕಟ್ಟಿನವರ ಮಾತಿನಲ್ಲಿ ವಾಪಿಟಿ, ಎಂದರೆ ಬಿಳಿ ಹಿಂಭಾಗದ್ದು. ನಮ್ಮ ಕಡವೆಯ ದೊಡ್ಡ ನೆಂಟ ಅಂದುಕೊಳ್ಳಿ. ಬೆಳೆದ ಗಂಡು ಸುಮಾರು 320 ಕೆ.ಜಿ., ಹೆಣ್ಣು ಸುಮಾರು 225 ಕೆ.ಜಿ. ತೂಗುತ್ತದೆ. ಕಡವೆಯ ಹಾಗೆಯೇ ಕೆಸರಲ್ಲಿ ಹೊರಳುತ್ತದೆ, ಮರಕ್ಕೆ ಕೊಂಬು ತಿಕ್ಕುತ್ತದೆ. ಹೋಲಿಕೆ ಅಷ್ಟಕ್ಕೇ ನಿಲ್ಲಲಿ: 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮಲ್ಲಿ ಕಡವೆಯ ಬೇಟೆ ಅಪರಾಧ. ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ ಎಲ್ಕ್ ಬೇಟೆ ಲೈಸೆನ್ಸ್, ಋತು, ಯೂನಿಟ್ (ಬೇಟೆಗೆಂದು ವಿಂಗಡಿಸಿದ ಪ್ರದೇಶ) ಎಂಬ ಲೆಕ್ಕದೊಳಗೆ ನಡೆಯುತ್ತದೆ. ಈ ಬರಹಕ್ಕೆ ಕೊಲರಾಡೊವನ್ನೇ ಮಾದರಿಯಾಗಿ ಇಟ್ಟುಕೊಂಡಿದೆ, ಏಕೆಂದರೆ ಎಲ್ಕ್ ಅತಿ ಹೆಚ್ಚು ಇರುವ ರಾಜ್ಯ ಅದೇ.

ಯಾಕೆ ಸುಮ್ಮನಿರುತ್ತವೆ

ಎಲ್ಕ್‌ಗಳ ಬೆದೆಗಾಲಕ್ಕೆ ಹಗಲಿನ ಉದ್ದವೇ ಗಡಿಯಾರ. ಹವೆ ಬಿಸಿಯಿರಲಿ, ಹಿಮ ಬೀಳಲಿ, ಹೆಚ್ಚಿನ ಹೆಣ್ಣುಗಳು ಬೆದೆಗೆ ಬರುವುದು ಸೆಪ್ಟೆಂಬರ್ ಮಧ್ಯದ ನಂತರ. ಹಗಲು ರಾತ್ರಿ ಸಮನಾಗುವ ದಿನದ ಆಸುಪಾಸಿನಲ್ಲಿ ಅದು ತುತ್ತತುದಿ. ಎಂಟೂವರೆ ತಿಂಗಳು ಹೊತ್ತು ಮೇ ಕೊನೆ, ಜೂನ್‌ನಲ್ಲಿ ಹಸಿರು ಹುಲ್ಲು ಚಿಗುರಿದಾಗ ಈಯಬೇಕಲ್ಲ, ಲೆಕ್ಕ ಅಲ್ಲಿಂದ ಹಿಂದಕ್ಕೆ ಬರುತ್ತದೆ.

ಗಂಡುಗಳು ಆಗಸ್ಟ್ ಹೊತ್ತಿಗೇ ಕೊಂಬಿನ ಮೇಲಿನ ಮಖಮಲ್ ಪೊರೆ ಉಜ್ಜಿ ತೆಗೆದು ತಯಾರಾಗಿರುತ್ತವೆ. ಬೇಸಿಗೆಯಲ್ಲಿ ಒಟ್ಟಿಗಿದ್ದ ಗಂಡುಗಳ ಗುಂಪು ಚದುರಿರುತ್ತದೆ. ಆದರೆ ಹೆಣ್ಣು ಬೆದೆಗೆ ಬಂದಿಲ್ಲವಾದ್ದರಿಂದ ಪೈಪೋಟಿ ಇಲ್ಲ, ಪೈಪೋಟಿ ಇಲ್ಲದೆ ಕೂಗಾಟವೂ ಇಲ್ಲ. ಇದು ಮೊದಲ ಕಾರಣ. ಎರಡನೆಯದು ಸೆಕೆ. ಚಳಿಗಾಲದ ದಪ್ಪ ರೋಮ ಬೆಳೆಯತೊಡಗಿದ ಪ್ರಾಣಿಗೆ 22-25 ಡಿಗ್ರಿಯ ಮಧ್ಯಾಹ್ನ ಉರಿಬಿಸಿಲೇ. ಹಾಗಾಗಿ ತಿರುಗಾಟ, ಮೇವು, ಕೂಗು ಎಲ್ಲ ರಾತ್ರಿಗೆ ಸರಿಯುತ್ತದೆ. ಮೂರನೆಯ ಕಾರಣ ನಾವೇ. ಋತು ತೆರೆದ ಮೊದಲ ವಾರಾಂತ್ಯವೇ ಹತ್ತಾರು ಜನ ಪ್ಲಾಸ್ಟಿಕ್ ಕೊಳವೆಯಲ್ಲಿ ಎಲ್ಕ್ ಕೂಗನ್ನು ಊದುತ್ತ ಗುಡ್ಡ ಹತ್ತಿದರೆ ಎಲ್ಕ್ ಬಾಯಿ ಮುಚ್ಚಿಕೊಳ್ಳುವುದನ್ನು ಬೇಗ ಕಲಿಯುತ್ತದೆ.

ಇದರಲ್ಲೊಂದು ಲಾಭವೂ ಇದೆ. ಈ ಎರಡು ವಾರ ದೊಡ್ಡ ಗಂಡಿನ ಸುತ್ತ ಇಪ್ಪತ್ತು ಹೆಣ್ಣುಗಳ ಕಾವಲು ಇನ್ನೂ ಕಟ್ಟಿಕೊಂಡಿರುವುದಿಲ್ಲ. ಅದು ಒಂಟಿಯಾಗಿ, ದಿನವೂ ಹೆಚ್ಚುಕಡಿಮೆ ಒಂದೇ ನೀರು, ಒಂದೇ ನೆರಳು, ಒಂದೇ ಮೇವಿನ ನಡುವೆ ಓಡಾಡಿಕೊಂಡಿರುತ್ತದೆ. 20ನೇ ತಾರೀಕಿನ ನಂತರ ಆ ಶಿಸ್ತು ಇರುವುದಿಲ್ಲ.

ಕಾಗದ ಪತ್ರದ ಕೆಲಸ

ಕೊಲರಾಡೊದಲ್ಲಿ ಬಿಲ್ಲಿನ ಎಲ್ಕ್ ಋತು ಸೆಪ್ಟೆಂಬರ್ 2ರಿಂದ 30. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಹಂಟರ್ ಎಜುಕೇಶನ್ ಪ್ರಮಾಣಪತ್ರ ಇಲ್ಲದೆ ಲೈಸೆನ್ಸ್ ಇಲ್ಲ. ರಾಜ್ಯದ ನಿವಾಸಿ ದರ ಸಿಗಬೇಕಾದರೆ ಸತತ ಆರು ತಿಂಗಳ ವಾಸ ಆಗಿರಬೇಕು. ಹೊರರಾಜ್ಯದವರು ಮೊದಲು ಪರ್ವತ ಭಾಗದ ಹಲವು ಯೂನಿಟ್‌ಗಳಿಗೆ ಬಿಲ್ಲಿನ ಲೈಸೆನ್ಸ್ ನೇರವಾಗಿ ಕೊಳ್ಳಬಹುದಿತ್ತು. 2025ರಿಂದ ಅಲ್ಲಿ ಅವರಿಗೆ ಮಿತಿ ಬಂದಿದೆ, ಲಾಟರಿಯಂಥ ಡ್ರಾಗೆ ಅರ್ಜಿ ಹಾಕಬೇಕು. ಅರ್ಜಿಯ ಗಡುವು ಏಪ್ರಿಲ್ ಮೊದಲಲ್ಲೇ ಬರುತ್ತದೆ, ಆಗಸ್ಟ್‌ನಲ್ಲಿ ನೆನಪಾದರೆ ಆಗುವುದಿಲ್ಲ.

ಕೆಲಸದ ವೀಸಾದಲ್ಲಿರುವ ನಮ್ಮವರಿಗೆ ಒಂದು ಮಾತು. ವಲಸೆಯೇತರ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ನಿರ್ಬಂಧವಿದೆ. ಊರ್ಜಿತ ಬೇಟೆ ಲೈಸೆನ್ಸ್ ಇರುವುದು ಅದಕ್ಕಿರುವ ವಿನಾಯಿತಿಗಳಲ್ಲಿ ಒಂದು. ಬಿಲ್ಲು ಆ ಕಾನೂನಿನ ಪ್ರಕಾರ ಬಂದೂಕಲ್ಲ, ಆದ್ದರಿಂದ ಆ ತಲೆನೋವಿಲ್ಲ.

ಇನ್ನು ನಿಯಮಪುಸ್ತಕದಲ್ಲಿ ಓದಲೇಬೇಕಾದ್ದು. ಬಹಳಷ್ಟು ಯೂನಿಟ್‌ಗಳಲ್ಲಿ ಗಂಡಿಗೆ ಒಂದು ಕೊಂಬಿನಲ್ಲಾದರೂ ನಾಲ್ಕು ಕವಲು ಅಥವಾ 5 ಇಂಚಿನ ಹುಬ್ಬುಕವಲು (ಕೊಂಬಿನ ಬುಡದ ಕಡೆಯ ಕವಲು) ಇರಬೇಕು. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲಿಂದ ಸೂರ್ಯಾಸ್ತದ ಅರ್ಧ ಗಂಟೆ ನಂತರದವರೆಗೆ ಮಾತ್ರ ಹೊಡೆಯಬಹುದು. ಉಪ್ಪು, ಮೇವು ಇಟ್ಟು ಸೆಳೆಯುವಂತಿಲ್ಲ. ರೆಕಾರ್ಡ್ ಮಾಡಿದ ಕೂಗನ್ನು ಸ್ಪೀಕರ್‌ನಲ್ಲಿ ಹಾಕುವಂತಿಲ್ಲ. ಬಿಲ್ಲಿನ ಎಳೆತ ಕನಿಷ್ಠ 35 ಪೌಂಡ್, ಬಾಣದ ಅಲಗು ಕನಿಷ್ಠ 7/8 ಇಂಚು ಅಗಲ. ಇವು ಕಾನೂನಿನ ಕನಿಷ್ಠ. ಎಲ್ಕ್‌ಗೆ ಸಾಕಾಗುವಷ್ಟು ಬೇರೆ, ಅದು ಮುಂದೆ ಬರುತ್ತದೆ. ಯೂನಿಟ್‌ನಿಂದ ಯೂನಿಟ್‌ಗೆ ನಿಯಮ ಬದಲಾಗುವುದರಿಂದ ಆ ವರ್ಷದ ಪುಸ್ತಕವನ್ನೇ ನೋಡಿ.

ಜಾಗ ಹುಡುಕುವುದು

ಮನೆಯಲ್ಲಿ ಕೂತು ಎತ್ತರರೇಖೆಯ ನಕ್ಷೆ ಮತ್ತು ಉಪಗ್ರಹ ಚಿತ್ರ ಎರಡನ್ನೂ ತೆರೆಯಿರಿ. ಹುಡುಕಬೇಕಾದ್ದು ಮೂರು: ನೆರಳು, ನೀರು, ಹುಲ್ಲು. ಮೂರೂ ಒಂದು ಕಿಲೋಮೀಟರ್ ದೂರದೊಳಗೆ ಸಿಗುವ ಜಾಗಕ್ಕೆ ಗುರುತು ಹಾಕಿ.

ನೆರಳು ಎಂದರೆ ಉತ್ತರಕ್ಕೆ ಅಥವಾ ಈಶಾನ್ಯಕ್ಕೆ ಮುಖ ಮಾಡಿದ ಇಳಿಜಾರಿನ ದಟ್ಟ ಸ್ಪ್ರೂಸ್, ಫರ್ ಕಾಡು. ಕೊಲರಾಡೊದಲ್ಲಿ ಸೆಪ್ಟೆಂಬರ್ ಮೊದಲಲ್ಲಿ 2,800ರಿಂದ 3,400 ಮೀಟರ್ ಎತ್ತರ. ಆ ಇಳಿಜಾರಿನಲ್ಲಿ ಎತ್ತರರೇಖೆಗಳು ಇದ್ದಕ್ಕಿದ್ದಂತೆ ದೂರದೂರವಾಗುವ ಕಡೆ ಚಿಕ್ಕ ಸಮತಟ್ಟು ಇರುತ್ತದೆ. ಇಳಿಜಾರಿನ ಮೇಲಿನ ಮೂರನೇ ಒಂದು ಭಾಗದಲ್ಲಿರುವ ಇಂಥ ಸಮತಟ್ಟು ಎಲ್ಕ್ ಮಲಗುವ ಮಂಚ. ನೀರೆಂದರೆ ದೊಡ್ಡ ಹೊಳೆಯಲ್ಲ. ಕಾಡಿನ ನಡುವೆ ನೆಲದಿಂದ ಜಿನುಗುವ ಒರತೆ, ಅದರ ಸುತ್ತ ಅಂಗಳದಷ್ಟು ಹಸಿರು. ಉಪಗ್ರಹ ಚಿತ್ರದಲ್ಲಿ ಕಪ್ಪು ಕಾಡಿನೊಳಗೆ ತಿಳಿಹಸಿರು ಚುಕ್ಕೆಯಾಗಿ ಕಾಣುತ್ತದೆ. ಹುಲ್ಲಿಗೆ ಆಸ್ಪೆನ್ ತೋಪಿನ ಅಂಚು, ಕೆಲವು ವರ್ಷದ ಹಿಂದೆ ಬೆಂಕಿ ಬಿದ್ದ ಕಾಡು, ಎತ್ತರದ ಹುಲ್ಲುಗಾವಲು.

ರಸ್ತೆಯಿಂದ ದೂರ ಹೋದಷ್ಟೂ ಒಳ್ಳೆಯದೆಂಬುದು ಅರ್ಧ ಸತ್ಯ. ಹೆಚ್ಚಿನ ಬೇಟೆಗಾರರು ಕಾಲುದಾರಿ ಹಿಡಿದೇ ದೂರ ಹೋಗುತ್ತಾರೆ. ರಸ್ತೆಯಿಂದ ಒಂದೇ ಕಿಲೋಮೀಟರ್‌ನಲ್ಲಿದ್ದರೂ ಕಡಿದಾಗಿ ಇಳಿದು ಮತ್ತೆ ಹತ್ತಬೇಕಾದ ಕೊರಕಲಿಗೆ ಯಾರೂ ಕಾಲಿಡುವುದಿಲ್ಲ. ಎಲ್ಕ್‌ಗೆ ಅಷ್ಟೇ ಸಾಕು.

ಗುರುತು ಹಳೆಯದೋ ಹೊಸದೋ

ಮೌನದ ಕಾಡಿನಲ್ಲಿ ಓದು ಬರುವವರಿಗಷ್ಟೇ ಬೇಟೆ. ಸಿಕ್ಕ ಪ್ರತಿಯೊಂದು ಗುರುತಿಗೂ ‘ಯಾವಾಗಿನದು’ ಎಂದು ಕೇಳಿ. 24 ಗಂಟೆಗಿಂತ ಹಳೆಯದಾದರೆ ನಕ್ಷೆಯಲ್ಲಿ ಬರೆದುಕೊಂಡು ಮುಂದೆ ನಡೆಯಿರಿ.

ಹಿಕ್ಕೆ: ಹೊಸದು ತೇವವಾಗಿ ಮಿನುಗುತ್ತದೆ, ಕಡ್ಡಿಯಿಂದ ಒತ್ತಿದರೆ ಒಳಗೆ ಹಸಿರು. ಬಿಸಿಲಿಗೆ ಒಂದೇ ದಿನದಲ್ಲಿ ಮೇಲ್ಪದರ ಒಣಗುತ್ತದೆ, ಆದ್ದರಿಂದ ಒಡೆದು ನೋಡದೆ ತೀರ್ಮಾನಿಸಬೇಡಿ. ಸೊಂಪಾದ ಹುಲ್ಲು ತಿಂದ ದಿನ ಹಿಕ್ಕೆ ಕಾಳುಕಾಳಾಗಿರದೆ ಸೆಗಣಿಯಂತೆ ಮೆತ್ತಗಿರುತ್ತದೆ.

ಹೆಜ್ಜೆ: ದೊಡ್ಡ ಗಂಡಿನ ಗೊರಸಿನ ಗುರುತು ಹತ್ತು ಸೆಂ.ಮೀ. ಆಸುಪಾಸು. ಇದೇ ಕಾಡಲ್ಲಿ ಬೇಸಿಗೆಯೆಲ್ಲ ದನ ಮೇಯುತ್ತವೆ. ದನದ ಹೆಜ್ಜೆ ಹೆಚ್ಚು ದುಂಡು, ಅಗಲ. ಮೂಸ್‌ನದು ಇನ್ನೂ ಉದ್ದ, ತುದಿ ಚೂಪು. ಮೂಸ್ ಇರುವ ಯೂನಿಟ್‌ನಲ್ಲಿ ಇದು ಬರೀ ಓದಿನ ಮಾತಲ್ಲ, ಎಲ್ಕ್ ಎಂದುಕೊಂಡು ಮೂಸ್ ಹೊಡೆದವರು ದಂಡ ಕಟ್ಟಿದ್ದಾರೆ. ಮೂಸ್ ಮೈಯೆಲ್ಲ ಕಡುಕಂದು, ಮೂತಿ ಜೋತುಬಿದ್ದದ್ದು, ಗಂಟಲ ಕೆಳಗೆ ಜೋಲು. ಎಲ್ಕ್‌ನ ಕತ್ತು ಕಡುಬಣ್ಣ, ಮೈ ತಿಳಿ ಬಣ್ಣ, ಹಿಂಭಾಗ ಹಳದಿಮಿಶ್ರಿತ ಬಿಳುಪು.

ಕೊಂಬು ತಿಕ್ಕಿದ ಮರ: ತೊಗಟೆ ಸುಲಿದ ಜಾಗದಲ್ಲಿ ಅಂಟು ಇನ್ನೂ ಒದ್ದೆಯಿದ್ದು, ಕೆಳಗೆ ಬಿದ್ದ ಚೂರು ಹಸಿಯಾಗಿದ್ದರೆ ಹೊಸದು. ಎದೆಮಟ್ಟದಿಂದ ಮೇಲಕ್ಕೆ ಹೋಗಿದ್ದರೆ ಎಲ್ಕ್, ಮೊಣಕಾಲು ಸೊಂಟದ ಮಟ್ಟದಲ್ಲೇ ಇದ್ದು ಗಿಡ ಸಣ್ಣದಿದ್ದರೆ ಜಿಂಕೆ ಇರಬಹುದು.

ಹೊರಳುಗುಂಡಿ: ಈ ಎರಡು ವಾರದ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವ ಗುರುತು ಇದು. ಗಂಡು ಎಲ್ಕ್ ಒರತೆಯ ಕೆಸರನ್ನು ಕೊಂಬಿನಿಂದ ಕೆದಕಿ, ಅದರಲ್ಲೇ ಉಚ್ಚೆ ಹೊಯ್ದು, ಮೈ ಉರುಳಿಸಿ ಎದ್ದು ಹೋಗುತ್ತದೆ. ಮೈ ತಂಪಾಗುತ್ತದೆ, ವಾಸನೆಯೂ ಮೆತ್ತಿಕೊಳ್ಳುತ್ತದೆ. ನೀರು ಇನ್ನೂ ಕದಡಿದ್ದರೆ ಅದು ಹೋಗಿ ಒಂದೆರಡು ಗಂಟೆಯಾಗಿರಬಹುದು. ನೀರು ತಿಳಿಯಾಗಿದ್ದು ಸುತ್ತಲಿನ ಎಲೆಗಳ ಮೇಲಿನ ಕೆಸರು ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ದರೆ ನಿನ್ನೆಯದೋ ಮೊನ್ನೆಯದೋ. ಗುಂಡಿಯಿಂದ ಹೊರಡುವ ದಾರಿಯ ಮರಗಳಿಗೆ ಕೆಸರು ಒರೆಸಿದ ಗುರುತು ನೋಡಿ. ಅದು ಮಲಗಲು ಹೋದ ದಿಕ್ಕು ಹೇಳುತ್ತದೆ. ಆ ದಿಕ್ಕಿಗೆ ನೀವು ಹೋಗಬೇಡಿ.

ಗಾಳಿ

ನೀವು ಎಲ್ಕ್‌ನ ಕಣ್ಣಿಗೆ ಬಿದ್ದರೆ ಅದು ಒಮ್ಮೊಮ್ಮೆ ನಿಂತು ನೋಡುತ್ತದೆ. ಸದ್ದು ಕೇಳಿದರೆ ಇನ್ನೊಂದು ಎಲ್ಕ್ ಇರಬಹುದೆಂದು ಸಹಿಸುತ್ತದೆ. ಮನುಷ್ಯನ ವಾಸನೆಗೆ ಮಾತ್ರ ಎರಡನೇ ಅವಕಾಶವಿಲ್ಲ. ಆ ಕೊರಕಲನ್ನೇ ಬಿಟ್ಟು ಹೋಗುತ್ತದೆ. ವಾಸನೆ ಹೋಗಲಾಡಿಸುವ ಸ್ಪ್ರೇಗೆ ಹಣ ಸುರಿಯುವ ಬದಲು ಸುವಾಸನೆಯಿಲ್ಲದ ಪುಡಿ ತುಂಬಿದ ಚಿಕ್ಕ ಬಾಟಲಿ ಸಾಕು. ಐದು ನಿಮಿಷಕ್ಕೊಮ್ಮೆ ಹಿಚುಕಿ ಪುಡಿ ಎತ್ತ ಹೋಗುತ್ತದೆ ನೋಡಿ.

ಬೆಟ್ಟದಲ್ಲಿ ಗಾಳಿಗೊಂದು ದಿನಚರಿ ಇದೆ. ರಾತ್ರಿ ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಕೆಳಕ್ಕೆ ಹರಿಯುತ್ತದೆ, ನೀರಿನ ಹಾಗೆ. ಬಿಸಿಲು ತಾಗಿದ ಮೇಲೆ, ಸುಮಾರು ಒಂಬತ್ತು ಹತ್ತರ ಹೊತ್ತಿಗೆ, ತಿರುಗಿ ಮೇಲಕ್ಕೆ ಏರತೊಡಗುತ್ತದೆ. ಸಂಜೆ ಇಳಿಜಾರಿನ ಮೇಲೆ ನೆರಳು ಬಿದ್ದೊಡನೆ ಮತ್ತೆ ಕೆಳಕ್ಕೆ. ಪೂರ್ವ ಮುಖದ ಇಳಿಜಾರಿನಲ್ಲಿ ಬೆಳಗಿನ ಬದಲಾವಣೆ ಬೇಗ, ದಟ್ಟ ಕಾಡಿನ ಉತ್ತರ ಮುಖದಲ್ಲಿ ತಡ. ಈ ತಿರುವಿನ ಅರ್ಧ ಮುಕ್ಕಾಲು ಗಂಟೆ ಗಾಳಿ ಸುತ್ತುತ್ತದೆ. ಆಗ ಎಲ್ಕ್ ಹತ್ತಿರ ಇದ್ದರೂ ಮುಂದೆ ಹೋಗದೆ ಕೂತುಬಿಡುವುದು ಜಾಣತನ. ಮಧ್ಯಾಹ್ನದ ಮೋಡ ಬಿಸಿಲಿಗೆ ಅಡ್ಡ ಬಂದರೂ ಗಾಳಿ ಹತ್ತೇ ನಿಮಿಷದಲ್ಲಿ ಮಗುಚಿಕೊಳ್ಳಬಹುದು. ಗಾಳಿಯ ಜೋರು ದೊಡ್ಡ ತೊಂದರೆಯಲ್ಲ, ನಿಲುವಿಲ್ಲದ ಗಾಳಿಯೇ ತೊಂದರೆ.

ಒಂದು ದಿನದ ನಡೆ

ರಾತ್ರಿ ಮೂರು, ನಾಲ್ಕರ ಹೊತ್ತಿಗೆ ಎದ್ದು ಗುಡ್ಡದ ನೆತ್ತಿಯ ಮೇಲೆ ಸುಮ್ಮನೆ ಕಿವಿಗೊಟ್ಟು ನಿಲ್ಲಿ. ಹಗಲೆಲ್ಲ ಮೂಕವಾಗಿರುವ ಗಂಡು ಈ ಹೊತ್ತಿನಲ್ಲಿ ಒಂದೋ ಎರಡೋ ಸಲ ಕೂಗಿಬಿಡುತ್ತದೆ. ಒಂದೂ ಕೇಳದಿದ್ದರೆ ನೆತ್ತಿಯಿಂದ ಒಂದೇ ಒಂದು ಉದ್ದನೆಯ ಸರಳ ಕೂಗು ಹಾಕಿ ಹತ್ತು ನಿಮಿಷ ಕಾಯಬಹುದು. ಉತ್ತರ ಬಂದರೆ ದಿಕ್ಕು ಬರೆದುಕೊಳ್ಳಿ, ಮರು ಉತ್ತರ ಕೊಡಬೇಡಿ. ಕತ್ತಲಲ್ಲಿ ಮಾತುಕತೆ ನಡೆಸಿದರೆ ಬೆಳಗಾಗುವಷ್ಟರಲ್ಲಿ ಅದು ಎದ್ದು ಹೋಗಿರುತ್ತದೆ.

ಬೆಳಕಾದ ಮೇಲೆ ಒಂದೂವರೆ ಎರಡು ಗಂಟೆ ಎಲ್ಕ್ ಮೇವಿನಿಂದ ಮಲಗುವ ಜಾಗಕ್ಕೆ ಹೋಗುತ್ತಿರುತ್ತದೆ. ಅದರ ಹಿಂದೆ ಬಿದ್ದರೆ ಹಿಡಿಯಲಾಗದು. ಗುಡ್ಡ ಹತ್ತುವ ಎಲ್ಕ್‌ನ ನಡಿಗೆ ನಿಮ್ಮ ಓಟ. ಹುಲ್ಲುಗಾವಲಿಗೂ ಮಲಗುವ ಸಮತಟ್ಟಿಗೂ ನಡುವೆ, ಪಕ್ಕದಿಂದ ಗಾಳಿ ಬೀಸುವ ಹಾಗೆ, ಮೊದಲೇ ಹೋಗಿ ಕೂತಿರಬೇಕು.

ಹತ್ತು ಗಂಟೆಗೆ ಕ್ಯಾಂಪಿಗೆ ವಾಪಸಾಗಿ ನಿದ್ದೆ ಮಾಡುವುದು ಸಾಮಾನ್ಯ ರೂಢಿ. ಈ ಎರಡು ವಾರ ಅದು ದೊಡ್ಡ ತಪ್ಪು. ಬಿಸಿಲೇರಿದ ಮೇಲೆ, ಹನ್ನೊಂದರಿಂದ ಮೂರರ ನಡುವೆ, ಮಲಗಿದ್ದ ಗಂಡು ಎದ್ದು ನೂರಿನ್ನೂರು ಗಜ ನಡೆದು ಹೊರಳುಗುಂಡಿಗೆ ಬರುತ್ತದೆ. ಕಾಡಿನ ಒಳಗಿನ, ನೆರಳಿನ ಗುಂಡಿಯಾದರೆ ಹಾಡಹಗಲೇ ಬರುತ್ತದೆ. ಬಯಲಿನದಾದರೆ ಕತ್ತಲಾದ ಮೇಲೆ.

ಗುಂಡಿಯ ಬಳಿ ಹೊಂಚು ಹಾಕುವುದು ಹೀಗೆ. ಗಾಳಿ ಮೇಲ್ಮುಖವಾಗಿ ನೆಲೆನಿಂತ ಮೇಲೆ, ಮಲಗುವ ಜಾಗಕ್ಕೆ ಸುತ್ತು ಹಾಕಿ ಹೋಗಿ. ಗುಂಡಿಯಿಂದ 20ರಿಂದ 30 ಗಜ ದೂರ, ಗಾಳಿಯ ಕೆಳಗೆ (ಅಂದರೆ ಗಾಳಿ ಗುಂಡಿಯ ಕಡೆಯಿಂದ ನಿಮ್ಮ ಕಡೆಗೆ ಬೀಸುವಲ್ಲಿ), ಬೆನ್ನಿಗೆ ದಪ್ಪ ಮರ ಅಥವಾ ಬಿದ್ದ ಮರದ ಬೇರು ಇರುವಂತೆ ಕೂರಿ. ಮುಂದೆ ಪೊದೆ ಇಟ್ಟುಕೊಳ್ಳಬೇಡಿ, ಅದು ನಿಮ್ಮ ಬಾಣಕ್ಕೇ ಅಡ್ಡ. ಕಾಲಡಿಯ ಒಣಕಡ್ಡಿ, ತರಗೆಲೆ ಸರಿಸಿ ಮಣ್ಣು ಕಾಣುವ ಹಾಗೆ ಮಾಡಿ. ಮೂರು ಮರಗಳಿಗೆ ದೂರ ಅಳೆದು ನೆನಪಿಟ್ಟುಕೊಳ್ಳಿ. ಗುಂಡಿಯ ನೀರು ಮುಟ್ಟಬೇಡಿ, ದಾಟಬೇಡಿ, ಅಲ್ಲಿ ಬಾಟಲಿ ತುಂಬಿಸಬೇಡಿ. ಹೊಸ ಗುರುತಿದ್ದರೆ ಎರಡು ಪೂರ್ತಿ ದಿನ ಕೊಡಿ. ಮೂರನೇ ದಿನವೂ ಬರದಿದ್ದರೆ ನಿಮ್ಮ ವಾಸನೆ ಅದಕ್ಕೆ ತಲುಪಿದೆ ಅಂತಲೇ ಲೆಕ್ಕ.

ಕರೆಯುವುದು, ಅದೂ ಸ್ವಲ್ಪವೇ

ಗಂಡಿನ ಸವಾಲಿನ ಕೂಗನ್ನು ಈ ವಾರಗಳಲ್ಲಿ ಚೀಲದಲ್ಲೇ ಇಡಿ. ಎಳೆಯ ಗಂಡುಗಳು ಹೆದರಿ ಸರಿದುಹೋಗುತ್ತವೆ. ದೊಡ್ಡದಕ್ಕೆ ಕಾದಾಡಲು ಇನ್ನೂ ಕಾರಣವಿಲ್ಲ. ಬೆದೆಗೆ ಬಂದ ಹೆಣ್ಣಿನ ಗೋಗರೆತವೂ ಬೇಡ. ಕೆಲಸ ಮಾಡುವುದು ಹೆಣ್ಣಿನ ಮೆಲುದನಿ, ಮರಿಯ ಕೀಚಲು ದನಿ. ಮೇಲಿನ ಸ್ವರದಿಂದ ಕೆಳಕ್ಕೆ ಜಾರುವ, ಒಂದು ಸೆಕೆಂಡಿನ, ಬೆಕ್ಕಿನ ಮಿಯಾಂವ್‌ಗೆ ಹತ್ತಿರದ ಸದ್ದು ಅದು.

ಬಾಯೊಳಗೆ ಅಂಗುಳಕ್ಕೆ ಅಂಟಿಸಿಕೊಂಡು ಊದುವ ಡಯಾಫ್ರಮ್ ಇದ್ದರೆ ಎರಡೂ ಕೈ ಬಿಲ್ಲಿಗೆ ಉಳಿಯುತ್ತವೆ. ಆದರೆ ಮೊದಮೊದಲು ಓಕರಿಕೆ ಬರುತ್ತದೆ, ಸ್ವರ ಹಿಡಿಯಲು ಎರಡು ತಿಂಗಳಾದರೂ ಬೇಕು. ಕಾರಿನಲ್ಲಿ ಕಿಟಕಿ ಮುಚ್ಚಿಕೊಂಡು ಅಭ್ಯಾಸ ಮಾಡುವುದು ಮನೆಯವರ ದೃಷ್ಟಿಯಿಂದಲೂ ಒಳ್ಳೆಯದು. ಹೊಸಬರಿಗೆ ತುಟಿಗಿಟ್ಟು ಊದುವ ರೀಡ್ ಸುಲಭ.

ಕೂರುವ ಕ್ರಮ ಇದು. ಹೊಸ ಗುರುತು ಇರುವ ಜಾಗ, ಎಲ್ಕ್ ಇರಬಹುದಾದ ಮಟ್ಟಕ್ಕೆ ಸಮ ಅಥವಾ ತುಸು ಮೇಲೆ. ಇಬ್ಬರಿದ್ದರೆ ಬಿಲ್ಲುಗಾರ ಮುಂದೆ, ಕರೆಯುವವರು 40ರಿಂದ 60 ಗಜ ಹಿಂದೆ. ಯಾಕೆಂದರೆ ಗಂಡು, ದನಿ ಬಂದ ಜಾಗ ಕಣ್ಣಿಗೆ ಕಾಣುವಷ್ಟು ಹತ್ತಿರ ಬಂದು ನಿಂತುಬಿಡುತ್ತದೆ. ಅಲ್ಲಿ ಹೆಣ್ಣು ಕಾಣದಿದ್ದರೆ ಮುಂದೆ ಬರುವುದಿಲ್ಲ. ಅದು ನಿಲ್ಲುವ ಜಾಗ ಬಿಲ್ಲುಗಾರನ ಗುರಿಯೊಳಗೆ ಬರಬೇಕು. ಒಬ್ಬರೇ ಇದ್ದರೆ ಗುಡ್ಡದ ತಿರುವಿನ ಅಥವಾ ದಟ್ಟ ಪೊದೆಯ ಹಿಂದೆ ಕೂತು, ಕೊನೆಯ 30 ಗಜದವರೆಗೂ ಅದಕ್ಕೆ ದನಿಯ ಜಾಗ ಕಾಣದ ಹಾಗೆ ನೋಡಿಕೊಳ್ಳಿ.

ಹತ್ತು ನಿಮಿಷ ಕಾಡು ಶಾಂತವಾಗಲಿ. ಆಮೇಲೆ ಎರಡು ಮೆಲುದನಿ, ಅರ್ಧ ನಿಮಿಷ ಬಿಟ್ಟು ಒಂದು ಮರಿದನಿ. ಒಂದು ಒಣಕಡ್ಡಿ ಮುರಿಯಿರಿ, ಒಂದು ಕಲ್ಲು ಉರುಳಿಸಿ. ಮೇಯುವ ಎಲ್ಕ್ ಸದ್ದಿಲ್ಲದೆ ಇರುವುದಿಲ್ಲ. ಮತ್ತೆ ಹತ್ತು ಹದಿನೈದು ನಿಮಿಷ ಏನೂ ಬೇಡ. ಎರಡನೇ ಸಲ ಬೇರೆ ದಿಕ್ಕಿಗೆ ಮುಖ ಮಾಡಿ ಒಂದೇ ದನಿ. ಅರ್ಧ ಗಂಟೆಯ ಹೊತ್ತಿಗೆ ದಪ್ಪ ಕೋಲಿನಿಂದ ಚಿಕ್ಕ ಮರಕ್ಕೆ ಒಂದು ನಿಮಿಷ ತಿಕ್ಕಿ. ನಿಲ್ಲಿಸಿ. 45 ನಿಮಿಷಕ್ಕೆ ಮುಂಚೆ ಏಳಬಾರದು. ಒಂದು ಗಂಟೆ ಕೂರಲು ತಾಳ್ಮೆ ಇರುವವರಿಗೆ ಇನ್ನೂ ಒಳ್ಳೆಯದು. ಈ ಕಾಲದ ಬಹುಪಾಲು ಸೋಲು ಇಪ್ಪತ್ತನೇ ನಿಮಿಷಕ್ಕೆ ಎದ್ದು ಹೊರಟಾಗ, ಎದುರಿನ ಪೊದೆಯಿಂದ ಕೊಂಬು ಮರಕ್ಕೆ ಬಡಿಯುತ್ತ ಓಡಿಹೋಗುವ ಸದ್ದಿನಲ್ಲಿ ಮುಗಿಯುತ್ತದೆ.

ಯಾಕೆಂದರೆ ಈಗ ಬರುವ ಗಂಡು ಕೂಗಿಕೊಂಡು ಬರುವುದಿಲ್ಲ. ಬರುವ ಸುಳಿವು ಬೇರೆಯವರಿಂದ ಸಿಗುತ್ತದೆ: ಸುಮ್ಮನಿದ್ದ ಅಳಿಲು ಒಂದೇ ದಿಕ್ಕಿಗೆ ಬೈಯತೊಡಗುತ್ತದೆ, ಜೇ ಹಕ್ಕಿ ಹಾರುತ್ತದೆ, ಒಂದು ಕಡ್ಡಿ ಮುರಿಯುತ್ತದೆ. ಅದು ಸುತ್ತು ಹಾಕಿ ನಿಮ್ಮ ಗಾಳಿಯ ಕೆಳಗೆ ಬಂದೇ ಬರುತ್ತದೆ, ವಾಸನೆ ಪರೀಕ್ಷಿಸಲು. ಹಾಗಾಗಿ ಬಿಲ್ಲುಗಾರ ದನಿಯ ನೇರ ಮುಂದೆ ಕೂರದೆ ಗಾಳಿ ಹೋಗುವ ಕಡೆಗೆ ಇಪ್ಪತ್ತು ಗಜ ಸರಿದಿರಬೇಕು. ಸಾಧ್ಯವಾದರೆ ಅದಕ್ಕೂ ಆಚೆ ಕಡಿದಾದ ಜಾರು, ಬಯಲು, ಬಿದ್ದ ಮರಗಳ ರಾಶಿಯಂಥದ್ದು ಇರಲಿ, ಅದು ಇನ್ನೂ ದೂರ ಸುತ್ತದಂತೆ.

ಬಾಣ

60ರಿಂದ 70 ಪೌಂಡ್ ಎಳೆತದ, ತುದಿಗಳಲ್ಲಿ ರಾಟೆ ಇರುವ ಕಾಂಪೌಂಡ್ ಬಿಲ್ಲು, ಅಲಗು ಸೇರಿ 450 ಗ್ರೇನ್ ಅಥವಾ ಹೆಚ್ಚು ತೂಕದ ಬಾಣ, ಅಂದರೆ ಸುಮಾರು 29 ಗ್ರಾಂ. ಹಗುರ ಬಾಣ ವೇಗವಾಗಿ ಹೋದರೂ ಪಕ್ಕೆಲುಬಿಗೆ ತಾಗಿ ಒಳಗೆ ನಿಂತುಬಿಡಬಹುದು. ಆಚೆ ಬದಿಗೂ ತೂತಾಗದಿದ್ದರೆ ನೆತ್ತರಿನ ಜಾಡು ತೆಳುವಾಗುತ್ತದೆ. ಗಟ್ಟಿ, ಸ್ಥಿರ ಅಲಗು ನಂಬಿಕಸ್ಥ. ಅಭ್ಯಾಸದ ಗುಂಡುಮೊನೆಯ ಬಾಣ ಎಲ್ಲಿ ತಾಗುತ್ತದೋ ಅಲಗಿನ ಬಾಣ ಅಲ್ಲೇ ತಾಗುತ್ತದೆ ಎಂದುಕೊಳ್ಳಬೇಡಿ. ಬಿಲ್ಲಿನ ಹೊಂದಿಕೆ ತುಸು ತಪ್ಪಿದ್ದರೂ 40 ಗಜದಲ್ಲಿ ಗೇಣುದ್ದ ವ್ಯತ್ಯಾಸ ಬರಬಹುದು. ಆಗಸ್ಟ್ ಪೂರ್ತಿ ಅಲಗು ಹಾಕಿಯೇ ಎಸೆಯಿರಿ, ಬೇಟೆಗೆ ಹೊಸ ಅಲಗು ಇಟ್ಟುಕೊಳ್ಳಿ.

ಪಕ್ಕಕ್ಕೆ ತಿರುಗಿ ನಿಂತಾಗ ಅಥವಾ ತುಸು ಆಚೆ ಮುಖ ಮಾಡಿದಾಗ ಮಾತ್ರ ಬಿಡಿ. ಗುರಿ ಮುಂಗಾಲಿನ ಹಿಂದೆ, ಎದೆಯ ಕೆಳಗಿನಿಂದ ಮೂರನೇ ಒಂದು ಎತ್ತರದಲ್ಲಿ. ಎರಡೂ ಶ್ವಾಸಕೋಶ ಅಲ್ಲಿ ಸಿಗುತ್ತವೆ. ಎದುರಿಗೆ ಮುಖ ಮಾಡಿ ನಿಂತ ಎಲ್ಕ್‌ಗೆ ಬಿಡುವವರೂ ಇದ್ದಾರೆ. ಅಲ್ಲಿ ತಪ್ಪಿಗೆ ಜಾಗ ಕಡಿಮೆ, ಬಿಡದಿರುವುದೇ ಸರಿ. ಇಳಿಜಾರಿನಲ್ಲಿ ಕಣ್ಣಳತೆಯ ದೂರವಲ್ಲ, ಅಡ್ಡ ದೂರ ಲೆಕ್ಕ; ಕೋನ ಸರಿಪಡಿಸುವ ದೂರಮಾಪಕ ಇದ್ದರೆ ಒಳ್ಳೆಯದು. ತಲೆ ಮರದ ಹಿಂದೆ ಹೋದಾಗ ಬಿಲ್ಲು ಎಳೆಯಿರಿ, ತೆರವಿಗೆ ಬಂದಾಗ ಬಾಯಲ್ಲೇ ಒಂದು ಗಿಡ್ಡ ದನಿ ಮಾಡಿದರೆ ನಿಲ್ಲುತ್ತದೆ.

ಬಾಣ ತಾಗಿದೊಡನೆ ಮತ್ತೊಂದು ಮೆಲುದನಿ ಮಾಡಿ. ಕೆಲವೊಮ್ಮೆ ಅದು ಓಡದೆ ಐವತ್ತು ಗಜದಲ್ಲೇ ನಿಂತು ಬೀಳುತ್ತದೆ. ಕೊನೆಗೆ ಕಂಡ ಮರ, ಕೊನೆಗೆ ಕೇಳಿದ ಸದ್ದಿನ ದಿಕ್ಕು ನೆನಪಿಟ್ಟುಕೊಂಡು ಕೂತಲ್ಲೇ ಇರಿ. ನಂತರ ಬಾಣ ನೋಡಿ. ನಸುಗೆಂಪು, ನೊರೆ ಇದ್ದರೆ ಶ್ವಾಸಕೋಶ: ಅರ್ಧ ಗಂಟೆ ಸಾಕು. ಕಡುಗೆಂಪಾದರೆ ಲಿವರ್: ನಾಲ್ಕರಿಂದ ಆರು ಗಂಟೆ. ಹಸಿರು, ನಾತ ಬಂದರೆ ಕರುಳು: ಎಂಟರಿಂದ ಹನ್ನೆರಡು ಗಂಟೆ. ಇಲ್ಲಿ ಸೆಪ್ಟೆಂಬರ್‌ನ ಸೆಕೆ ಕೊರಳಿಗೆ ಕೂರುತ್ತದೆ, ಕಾದರೆ ಮಾಂಸ ಕೆಡಬಹುದು ಎಂಬ ಆತಂಕ. ಆದರೂ ಬೇಗ ಎಬ್ಬಿಸಿದರೆ ಇನ್ನೊಂದು ಗುಡ್ಡ ದಾಟಿ ಹೋಗಿ ಸಿಗದೇ ಹೋಗುವ ಸಂಭವವೇ ಹೆಚ್ಚು.

ಮಾಂಸ ಉಳಿಸುವುದು

ಬಿದ್ದ ಮೇಲೆ ಮೊದಲ ಕೆಲಸ ಟ್ಯಾಗ್: ಹರಿದು, ತಾರೀಕು ಹಾಕಿ, ಸಹಿ ಮಾಡಿ. ಫೋಟೋ ಆಮೇಲೆ, ಅದೂ ಐದು ನಿಮಿಷ. ಕತ್ತಿನ ದಪ್ಪ ರೋಮ ಮತ್ತು ತೊಡೆಯ ದಪ್ಪ ಮಾಂಸ ಬಿಸಿ ಹಿಡಿದಿಡುತ್ತವೆ. ತೊಡೆಯ ಮೂಳೆಯ ಸುತ್ತ ಒಳಗಿಂದಲೇ ಹುಳಿ ವಾಸನೆ ಬಂದರೆ ಆ ತೊಡೆ ಹೋಯಿತು. ಒಂದು ಗಂಟೆಯೊಳಗೆ ಚರ್ಮ ಬಿಡಿಸುವ ಗುರಿ ಇರಲಿ.

ಹೊಟ್ಟೆ ಸೀಳದೆಯೇ ಮಾಡುವ ವಿಧಾನ ಒಬ್ಬರಿಗೂ ಸಾಧ್ಯ. ಒಂದು ಬದಿಗೆ ಮಲಗಿಸಿ, ಬೆನ್ನುಮೂಳೆಯ ಉದ್ದಕ್ಕೆ ಕತ್ತಿನಿಂದ ಬಾಲದವರೆಗೆ ಚರ್ಮ ಸೀಳಿ ಹೊಟ್ಟೆಯ ಕಡೆಗೆ ಸುಲಿಯಿರಿ. ಮುಂಗಾಲನ್ನು ಮೈಗೆ ಕೂಡಿಸುವ ಮೂಳೆಯ ಕೀಲಿಲ್ಲ. ಎತ್ತಿ ಹಿಡಿದು ಪಕ್ಕೆಲುಬಿಗೂ ಹೆಗಲಮೂಳೆಗೂ ನಡುವೆ ಕತ್ತಿ ಓಡಿಸಿದರೆ ಬಿಡಿಸಿಕೊಳ್ಳುತ್ತದೆ. ಹಿಂಗಾಲನ್ನು ಸೊಂಟದ ಮೂಳೆಗೆ ಒರಸಿಕೊಂಡು ಕೊಯ್ದು ಗುಂಡುಕೀಲು ಬಿಡಿಸಿ. ಬೆನ್ನಿನ ಉದ್ದನೆಯ ಮಾಂಸ, ಕತ್ತಿನ ಮಾಂಸ ತೆಗೆಯಿರಿ. ಕೊನೆಯ ಪಕ್ಕೆಲುಬಿನ ಹಿಂದೆ ಕೈ ಹಾಕಿದರೆ ಒಳಬೆನ್ನಿನ ಮೃದು ಮಾಂಸ ಸಿಗುತ್ತದೆ. ಮಗುಚಿ ಇನ್ನೊಂದು ಬದಿ. ಗಂಡೋ ಹೆಣ್ಣೋ ಎಂಬ ಗುರುತಿನ ಅಂಗ ಒಂದು ತೊಡೆಗೆ ಸಹಜವಾಗಿ ಅಂಟಿಕೊಂಡೇ ಇರಬೇಕು, ಇದನ್ನು ಮರೆತು ದಂಡ ಕಟ್ಟುವುದು ಹೊಸಬರ ಸಾಮಾನ್ಯ ತಪ್ಪು.

ಪ್ರತಿ ತುಂಡೂ ಗಾಳಿಯಾಡುವ ಬಟ್ಟೆಚೀಲಕ್ಕೆ. ಪ್ಲಾಸ್ಟಿಕ್ ಬೇಡವೇ ಬೇಡ, ಬೆವತು ಕೆಡುತ್ತದೆ. ಉತ್ತರ ಮುಖದ ನೆರಳಲ್ಲಿ, ತೊರೆಯ ಹತ್ತಿರ, ಉಳಿದ ಕಳೇಬರದಿಂದ ನೂರು ಗಜ ಆಚೆ, ಕೊಂಬೆಗೆ ನೇತುಹಾಕಿ. ಕೊಲರಾಡೊದಲ್ಲಿ ಕರಿಕರಡಿ ಸಾಕಷ್ಟಿವೆ. ವಯೋಮಿಂಗ್, ಮೊಂಟಾನಾ, ಐಡಹೊದ ಗ್ರಿಜ್ಲಿ ಪ್ರದೇಶದಲ್ಲಾದರೆ ಹೆಣ್ಣು ಎಲ್ಕ್‌ನ ದನಿಗೇ ಕರಡಿ ಬರುವುದುಂಟು. ಅಲ್ಲಿ ಕರಡಿ ಸ್ಪ್ರೇ ಚೀಲದೊಳಗಲ್ಲ, ಎದೆಯ ಮೇಲೆ ಇರಬೇಕು.

ಮೂಳೆ ತೆಗೆದರೂ ದೊಡ್ಡ ಗಂಡಿನಿಂದ 90ರಿಂದ 110 ಕೆ.ಜಿ. ಮಾಂಸ. ಬೆನ್ನಿಗೆ 25 ಕೆ.ಜಿ.ಯಂತೆ ನಾಲ್ಕೈದು ಸುತ್ತು. 3,000 ಮೀಟರ್ ಎತ್ತರದಲ್ಲಿ ಅದನ್ನು ಹೊರಬೇಕು ಎಂಬ ಲೆಕ್ಕ ಬಾಣ ಬಿಡುವ ಮೊದಲೇ ಆಗಿರಲಿ. ಒಂಟಿಯಾಗಿ ಹೋಗುವವರಿಗೆ ರಸ್ತೆಯಿಂದ ಮೂರು ಕಿಲೋಮೀಟರ್ ಗಡಿ. ಹಗಲು 20 ಡಿಗ್ರಿ ದಾಟುತ್ತಿದ್ದರೆ ರಾತ್ರಿಯೇ ಮೊದಲ ಎರಡು ಸುತ್ತು ಮುಗಿಸಿ ಐಸ್ ತುಂಬಿದ ಪೆಟ್ಟಿಗೆಗೆ ಇಳಿಸಿ. ಐಸ್ ಕರಗಿದ ನೀರಲ್ಲಿ ಮಾಂಸ ತೇಲಬಾರದು, ಪೆಟ್ಟಿಗೆಯ ಬುಡದ ಬಿರಟೆ ತೆರೆದೇ ಇಡಿ.

ಸಿ.ಡಬ್ಲ್ಯು.ಡಿ. ಎಂಬ ಮೆದುಳಿನ ರೋಗ ಕೊಲರಾಡೊದ ಎಲ್ಕ್‌ಗಳಲ್ಲಿ ಇದೆ. ತಲೆಯನ್ನು ಇಲಾಖೆಯ ಪರೀಕ್ಷಾ ಕೇಂದ್ರಕ್ಕೆ ಕೊಟ್ಟು ಫಲಿತಾಂಶ ಬರುವವರೆಗೆ ಮಾಂಸವನ್ನು ಬೇರೆಯಾಗಿ ಗುರುತು ಹಾಕಿ ಫ್ರೀಜರ್‌ನಲ್ಲಿಡಿ. ಸೋಂಕಿದೆ ಎಂದು ಬಂದರೆ ತಿನ್ನಬಾರದು ಎಂದೇ ಆರೋಗ್ಯ ಇಲಾಖೆಯ ಸಲಹೆ. ಅಡುಗೆಗೆ ಬಂದಾಗ, ಎಲ್ಕ್‌ನಲ್ಲಿ ಕೊಬ್ಬು ತೀರಾ ಕಡಿಮೆ. ಕತ್ತು ಮತ್ತು ಮೊಣಕಾಲಿನ ಕೆಳಗಿನ ಮಾಂಸ ನಮ್ಮ ಕುರಿ ಸಾರಿನ ಮಸಾಲೆಗೆ, ಕುಕ್ಕರ್‌ಗೆ ಸರಿಯಾಗಿ ಒಗ್ಗುತ್ತದೆ. ಬೆನ್ನಿನ ಮಾಂಸವನ್ನು ಕುಕ್ಕರ್‌ಗೆ ಹಾಕಿದರೆ ಚಪ್ಪಲಿ ಆಗುತ್ತದೆ. ಅದಕ್ಕೆ ಉಪ್ಪು, ಮೆಣಸು, ತುಪ್ಪ, ಕಾದ ಬಾಣಲೆಯ ಮೇಲೆ ಬದಿಗೆ ಮೂರು ನಿಮಿಷ.